ಮಣ್ಣಿಗೆ ಬೆನ್ನು ಹಚ್ಚದವನು

ಅಥಣಿ
12 ಆಗಸ್ಟ್ 2024

ಚಿರಂಜೀವಿ ವಿಶ್ವಾಸ,

ಪರದೆ ಏಳುತ್ತಿದೆ, ಕಿವಿ ಕೊಡು! ಆದರೆ ಈ ಸಲ ನಿನ್ನ ಜ್ಞಾನದೇವ ಕಾಕಾನ ಧ್ವನಿ ಬರುವುದಿಲ್ಲ, ಶಾಯಿ ಮಾತ್ರ ಬರುತ್ತದೆ. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ಡಾಕ್ಟರು ತೆಗೆದುಬಿಟ್ಟರು. ಮೈಕು ಕೆಟ್ಟ ರಾತ್ರಿ ಕೂಡ ಕೊನೆಯ ಸಾಲಿನಲ್ಲಿ ಬೀಡಿ ಸೇದುವವನನ್ನು ಬೆಚ್ಚಿ ಬೀಳಿಸುತ್ತಿದ್ದ ಗಂಟಲು ಅದು! ಈಗ ಕೊರಳಿನ ಬುಡದಲ್ಲಿ ಒಂದು ತೂತು, ತೂತಿನ ಮೇಲೊಂದು ಬಿಳಿ ಬಟ್ಟೆ. ಉಸಿರು ಅಲ್ಲಿಂದ ಬರುತ್ತದೆ, ಹೋಗುತ್ತದೆ, ಮಾತನ್ನು ಮಾತ್ರ ಕರೆತರುವುದಿಲ್ಲ. ಮಗಳು ರೂಪಾಲಿ ಒಂದು ಪಾಟಿ ಕೊಟ್ಟಿದ್ದಾಳೆ. ಒಂದನೆಯ ಇಯತ್ತೆಯ ಹುಡುಗನ ಹಾಗೆ ಬಳಪದಲ್ಲಿ "ಚಹಾ" ಎಂದು ಬರೆದು ಎತ್ತಿ ಹಿಡಿಯುತ್ತೇನೆ. ಮೊಬೈಲು ಕುಟ್ಟುವುದು ನನ್ನಿಂದಾಗದು, ಒಂದು ಮಾತು ಕುಟ್ಟಿ ಮುಗಿಸುವಷ್ಟರಲ್ಲಿ ಅಂಕವೇ ಮುಗಿದಿರುತ್ತದೆ. ಆದ್ದರಿಂದ ಕಾಗದ. ನೀನೂ ಕಾಗದದಲ್ಲೇ ಉತ್ತರಿಸತಕ್ಕದ್ದು. ಇದು ಆಜ್ಞೆ.

ನೀನು ಚಿಂಚಲಿಯ ತಾಲೀಮು, ನಿಮ್ಮಪ್ಪನ ಆ ಗರಡಿಮನೆ, ಬಿಟ್ಟು ನಿಪ್ಪಾಣಿಗೆ ಹೋದೆಯಂತೆ. ಹಗ್ಗ ಬಿಗಿದ ಹಲಗೆಯ ಮೇಲೆ, ಬಣ್ಣದ ಚಡ್ಡಿ ತೊಟ್ಟು, ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿಯಂತೆ. ನಾಟಕದ ಬಣ್ಣ ಹಚ್ಚಿಕೊಂಡು ಬಾಳಿದವನು ನಾನು, ನನಗೆ ಅದು ಪಾಪವಲ್ಲ. ಆದರೆ ನಿಮ್ಮಪ್ಪ ಹೋದ ವಾರ ನನ್ನನ್ನು ನೋಡಲು ಬಂದಿದ್ದ. ಭಾವುಸಾಹೇಬ ವಸ್ತಾದ! ಇಡೀ ರಾಯಬಾಗ ಸೀಮೆಯ ಪೈಲ್ವಾನರಿಗೆ ಗುರು, ನನಗೆ ಅಣ್ಣ. ಹಾಸಿಗೆಯ ಬದಿಗೆ ಕೂತು, "ನಿನಗ ಧ್ವನಿ ಹೋತು, ನನಗ ಮಗ ಹೋದ," ಅಂದ. ಚಹಾ ಮುಟ್ಟಲಿಲ್ಲ. ಬಾಗಿಲ ತನಕ ಹೋಗಿ ತಿರುಗಿ ನಿಂತ.

"ಅವನ ಬೆನ್ನಿಗೆ ಮಣ್ಣ ಹತ್ತಿದ್ದಿಲ್ಲ, ಜ್ಞಾನು. ಒಮ್ಮಿನೂ ಹತ್ತಿದ್ದಿಲ್ಲ. ಈಗ ತಾನ ಹೋಗಿ ಹಚ್ಚಿಕೊಳ್ಳಾಕತ್ತಾನ."

ಆ ಮಾತಿನಲ್ಲಿ ಸಿಟ್ಟಿದ್ದರೆ ನಾನು ಹೆದರುತ್ತಿರಲಿಲ್ಲ. ಸಿಟ್ಟಿರಲಿಲ್ಲ. ಬೇಗ ಬರಿ.

ಧ್ವನಿಯಿಲ್ಲದ ಖಳನಾಯಕ,
ಜ್ಞಾನದೇವ ಕಾಕಾ

*

ನಿಪ್ಪಾಣಿ
30 ಆಗಸ್ಟ್ 2024

ಕಾಕಾ,

ಸಾಷ್ಟಾಂಗ. ಹೊಟ್ಟೆ ನೆಲಕ್ಕೆ, ಬೆನ್ನು ಆಕಾಶಕ್ಕೆ. ಈ ನಮಸ್ಕಾರ ನನಗೆ ಸಲೀಸು. ಇದನ್ನು ತಿರುವಿ ಹಾಕಿ, ಬೆನ್ನು ನೆಲಕ್ಕೆ ಮಾಡು ಎಂದರೆ ಮಾತ್ರ ಮೈ ಕೇಳುವುದಿಲ್ಲ. ನನ್ನ ಈಗಿನ ಸಂಕಟವೆಲ್ಲ ಇಷ್ಟೇ.

ನಾವು ಕಲಿಯುವುದು ಒಂದು ಹಳೆಯ ತಂಬಾಕು ಗೋದಾಮಿನಲ್ಲಿ. ಬೇಲುಗಳು ಖಾಲಿಯಾಗಿ ವರ್ಷಗಳೇ ಆಗಿವೆ, ಘಾಟು ಇನ್ನೂ ಗೋಡೆ ಬಿಟ್ಟಿಲ್ಲ. ಹೊಸಬರು ಸೀನುತ್ತಲೇ ಒಳಗೆ ಬರುತ್ತಾರೆ. ನಡುವೆ ರಿಂಗು: ಕಬ್ಬಿಣದ ಕಾಲು, ಮೇಲೆ ಹಲಗೆ, ಹಲಗೆಯ ಮೇಲೆ ಬೆರಳು ದಪ್ಪದ ಗಾದಿ, ಅದರ ಮೇಲೆ ತಾಡಪಾಲು. ಕಲಿಸುವವರು ನೀಲಮ ಅಕ್ಕ. ಮುಂಬೈ, ಪುಣೆಗಳಲ್ಲಿ ಆಡಿ ಬಂದವರು. ನಾನು ಯಾರ ಪಗಾರದವನೂ ಅಲ್ಲ ಕಾಕಾ, ಯಾವ ಊರಿನವರು ಕರೆದರೂ ಅವರ ರಿಂಗಿಗೆ ಹೋಗುತ್ತೇನೆ, ಆಡಿ ಬರುತ್ತೇನೆ. ಮಣ್ಣಿನಲ್ಲಿ ನನಗೆ ಎದುರಾಳಿ ಇದ್ದ. ಇಲ್ಲಿ ಜೋಡಿಗಾರ ಇದ್ದಾನೆ. ಅವನ ಕೊರಳು ನನ್ನ ಕೈಯಲ್ಲಿ, ನನ್ನ ಕೊರಳು ಅವನ ಕೈಯಲ್ಲಿ.

ಇಲ್ಲಿಯ ಮೊದಲ ಪಾಠ ಬೀಳುವುದು. ಎತ್ತಿ ಒಗೆದಾಗ ಗದ್ದವನ್ನು ಎದೆಗೆ ಒತ್ತಿ, ಇಡೀ ಬೆನ್ನನ್ನು ಒಮ್ಮೆಗೇ ಹಲಗೆಗೆ ಕೊಡಬೇಕು. ಸದ್ದು ದೊಡ್ಡದು, ಪೆಟ್ಟು ಸಣ್ಣದು. ಆದರೆ ಕಾಕಾ, ನಮ್ಮ ಮಣ್ಣಿನಲ್ಲಿ ಬೆನ್ನು ಹತ್ತಿತು ಎಂದರೆ ಕುಸ್ತಿ ಮುಗಿಯಿತು. ನಿಮಗೆ ನೆನಪಿದೆಯಲ್ಲ, ಅಪ್ಪ ಬೆತ್ತದಿಂದ ತಗಡಿನ ಬಾಗಿಲು ಬಡಿದು ಒದರುತ್ತಿದ್ದುದು? "ಬೆನ್ನ ಹಚ್ಚಬ್ಯಾಡಲೇ!" ಆ ಕೂಗಿಗೆ ನಾನು ಗಾಳಿಯಲ್ಲೇ ಬೆಕ್ಕಿನಂತೆ ತಿರುಗಿ ಹೊಟ್ಟೆಯ ಮೇಲೋ, ಭುಜದ ಮೇಲೋ, ತಲೆಯ ಮೇಲೋ ಬೀಳುತ್ತಿದ್ದೆ. ಮಜ್ಜಿಗೆ, ಎಣ್ಣೆ ಹಾಕಿ ಕಲಸಿದ ಮೆತ್ತನೆಯ ಮಣ್ಣು, ತಡೆದುಕೊಳ್ಳುತ್ತಿತ್ತು. ಹಲಗೆ ತಡೆದುಕೊಳ್ಳುವುದಿಲ್ಲ.

ನಿನ್ನೆ ನನ್ನ ಜೋಡಿಗಾರ ಧರಣೇಂದ್ರ ನನ್ನನ್ನು ತಲೆಯ ಮೇಲಕ್ಕೆತ್ತಿ ಒಗೆದ. ಕಾಗವಾಡದವನು, ಎತ್ತಿನಂಥ ಆಳು, ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಉಣ್ಣದ ಜೈನ, ಸಾಧು ಮನುಷ್ಯ. ನಾನು ಬಿದ್ದೊಡನೆ ನೀಲಮ ಅಕ್ಕ ಸೀಟಿ ಊದಿದರು.

"ಯಾಕೋ ತಿರುಗಿದಿ?"

"ನಾ ತಿರುಗಿಲ್ರಿ ಅಕ್ಕಾ."

"ಮತ್ತ ಯಾರ ತಿರುಗಿದ್ರು? ನಿಮ್ಮಜ್ಜ?"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ನನ್ನ ಕುತ್ತಿಗೆಯ ಹಿಂದೆ ಎರಡು ಬೆರಳಿಟ್ಟು, "ಇಷ್ಟ ಜಾಗಾ ಐತಿ ನೋಡು, ಬದಕೂದಕ್ಕೂ ಬಿದ್ದಿರೂದಕ್ಕೂ ನಡುವ," ಅಂದರು.

ನಾನು ತಿರುಗಿದ್ದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ನಿಮ್ಮ ವಿಶ್ವಾಸ

*

ಅಥಣಿ
9 ಸೆಪ್ಟೆಂಬರ್ 2024

ವಿಶ್ವಾಸ,

ಎಲಾ ಪೈಲ್ವಾನ! ಬೀಳುವುದನ್ನು ಕೇಳಬೇಕಾದದ್ದು ನನ್ನನ್ನು! ಈ ಗಡಿನಾಡಿನಲ್ಲಿ ನಾನು ಸತ್ತಷ್ಟು ಸಲ ಇನ್ನಾರೂ ಸತ್ತಿಲ್ಲ. ಗುಂಡು ತಿಂದು ಸತ್ತೆ, ವಿಷ ಕುಡಿದು ಸತ್ತೆ, ಸ್ವಂತ ಮಗನ ಕೈಯ ಕೊಡಲಿಗೆ ಸತ್ತೆ. ಚಿಕ್ಕೋಡಿಯಲ್ಲಿ ಒಮ್ಮೆ ಹೆಣ್ಣುಮಕ್ಕಳು 'ಒನ್ಸ್ ಮೋರ್' ಎಂದು ಕೂಗಿ ಕೂಗಿ ನನ್ನಿಂದ ಅದೇ ಸಾವನ್ನು ಎರಡನೇ ಸಲ ಸಾಯಿಸಿದರು. ಎಲ್ಲ ಸಾವೂ ಅಂಗಾತ, ಮುಖ ಮೇಲಕ್ಕೆ. ಸತ್ತವನ ಮುಖ ಕಾಣದಿದ್ದರೆ ಪ್ರೇಕ್ಷಕ ಅಳುವುದು ಯಾರಿಗೆ?

ಗುಟ್ಟು ಕೇಳು. ಬೀಳುವ ಮೊದಲು ಉಸಿರು ಬಿಟ್ಟುಬಿಡು. ಉಸಿರು ಹಿಡಿದವನು ಬದುಕಲು ನೋಡುತ್ತಾನೆ, ಬದುಕಲು ನೋಡುವವನು ಕೈ ಊರುತ್ತಾನೆ. ನಮ್ಮ ಕಂಪನಿಯಲ್ಲಿ ಹಾಲೇಶ ಎಂಬ ಹೀರೋ ಇದ್ದ. ಕೊನೆಯ ಅಂಕದಲ್ಲಿ ಬೀಳುವಾಗ ಮುಂದಿನ ಸಾಲಿನಲ್ಲಿ ತನ್ನ ತಾಯಿ ಎದ್ದು ನಿಂತದ್ದು ಕಂಡಿತು. ಅವಳಿಗೆ ಗಾಬರಿಯಾದೀತೆಂದು ಒಂದೇ ಒಂದು ಗಳಿಗೆ ಕೈ ಚಾಚಿದ. ಆ ಕೈ ಮತ್ತೆ ಬಣ್ಣದ ಡಬ್ಬಿ ಎತ್ತಲಿಲ್ಲ.

ನೋಡುವವರು ನಿನ್ನವರಾಗಿದ್ದಾಗ ಬೀಳುವುದು ಕಷ್ಟ. ಇದನ್ನು ಬರೆದಿಟ್ಟುಕೋ.

ಕಾಕಾ

*

ನಿಪ್ಪಾಣಿ
26 ನವೆಂಬರ್ 2024

ಕಾಕಾ,

ತಡವಾಯಿತು. ಕಬ್ಬಿನ ಹಂಗಾಮು ಶುರುವಾಗಿದೆ, ಊರೂರಿಗೆ ಆಟ. ಕೊಗನೊಳ್ಳಿಯಲ್ಲಿ ಆಡಿದೆವು, ಅಥಣಿ ಹಾದಿಯ ಒಂದು ಕಾರ್ಖಾನೆಯ ಮುಂದೆ ಆಡಿದೆವು, ಕಾಗವಾಡದಲ್ಲೂ ಆಡಿದೆವು. ನನ್ನ ಹೆಸರು 'ಚಿಂಚಲಿ ಚಿರತೆ', ಧರಣೇಂದ್ರ 'ಟ್ರ್ಯಾಕ್ಟರ್ ಧರಣ್ಯಾ'. ಅವನು ಕೊನೆಗೆ ನನ್ನನ್ನು ತಲೆಯ ಮೇಲೆತ್ತಿ, ರಿಂಗಿನ ನಾಲ್ಕೂ ಕಡೆ ತಿರುಗಿ ತೋರಿಸಿ, ಒಗೆಯುತ್ತಾನೆ. ನಾನು ಅಂಗಾತ ಸತ್ತಂತೆ ಬೀಳುತ್ತೇನೆ. ಜನ ಮುಗಿಯಿತು ಎಂದುಕೊಳ್ಳುತ್ತಾರೆ. ಆಗ ಏಳುತ್ತೇನೆ, ಎದ್ದು ಗೆಲ್ಲುತ್ತೇನೆ. ಅಂಗಾತ ಬೀಳದಿದ್ದರೆ ಏಳುವುದಕ್ಕೆ ಅರ್ಥವಿಲ್ಲ.

ಕೊಗನೊಳ್ಳಿಯಲ್ಲಿ ಸರಿಯಾಗಿ ಬಿದ್ದೆ. ಕಾಗವಾಡದಲ್ಲಿ ತಿರುಗಿದೆ. ಜನರಲ್ಲಿ ಯಾರೋ ಒಬ್ಬ ಮುದುಕ, ಮಣ್ಣಿನ ಕುಸ್ತಿಯವನಿರಬೇಕು, ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅಷ್ಟೇ. ಅದು ಅಪ್ಪನ ಗಂಟಲಿನಂತೆ ಕೇಳಿಸಿತು. ಬಲ ಭುಜದ ಮೇಲೆ ಬಿದ್ದೆ, ತಲೆ ಒಂದು ಮಗ್ಗುಲಿಗೆ ಸಿಕ್ಕಿತು.

ಆಟ ಮುಗಿದ ಮೇಲೆ ಧರಣೇಂದ್ರ ಬಳಿಗೆ ಬಂದ. ನೀರಿನ ತಂಬಿಗೆ ನನ್ನ ಮುಂದಿಟ್ಟು, "ನಾ ಇನ್ನ ನಿನ್ನ ಎತ್ತಾಂವಲ್ಲೋ ಮಾರಾಯಾ," ಅಂದ.

"ಯಾಕಪಾ, ತೂಕ ಜಾಸ್ತಿ ಆತೇನು?"

"ನಗಬ್ಯಾಡ. ನಾ ಒಂದು ಇರಿವಿ ತುಳಿಯೂದಿಲ್ಲ. ನನ್ನ ಕೈಯಾಗ ನೀ ಹ್ವಾದ್ರ ನಾ ಎಲ್ಲಿ ಹೋಗ್ಲಿ?"

ಹೇಗೋ ಒಪ್ಪಿಸಿದ್ದೇನೆ. ದಿನಾ ಹೆಚ್ಚಿಗೆ ಬೀಳುತ್ತೇನೆ. ಎಡಗೈಯ ಕಿರುಬೆರಳು ಮಾತ್ರ ಆವತ್ತಿನಿಂದ ಜೋಮು ಹಿಡಿದಿದೆ. ಅಂಗಿಯ ಗುಂಡಿ ಹಾಕುವಾಗ ಬೇರೆ ಯಾರದೋ ಬೆರಳಿನಂತೆ ಅನ್ನಿಸುತ್ತದೆ.

ವಿಶ್ವಾಸ

*

ಅಥಣಿ
2 ಡಿಸೆಂಬರ್ 2024

ವಿಶ್ವಾಸ,

ಡಾಕ್ಟರಿಗೆ ಬೆರಳು ತೋರಿಸು. ತೋರಿಸಿದ ಮೇಲೆ ಬರಿ. ಅಲ್ಲಿಯವರೆಗೆ ನಾನು ನಿನ್ನ ಕಾಕಾ ಅಲ್ಲ.

ಜ್ಞಾನದೇವ

*

ನಿಪ್ಪಾಣಿ
19 ಜನವರಿ 2025

ಕಾಕಾ (ಈಗ ಕಾಕಾ ಹೌದಷ್ಟೆ?),

ತೋರಿಸಿದೆ. ಕುತ್ತಿಗೆಯಲ್ಲಿ ನರ ಒತ್ತಿದೆ ಎಂದರು, ರಿಂಗಿಗೆ ಇಳಿಯಬೇಡ ಎಂದರು. ಡಿಸೆಂಬರ್ ಮುಗಿಯುವವರೆಗೂ ಇಳಿಯಲಿಲ್ಲ. ಆ ದಿನಗಳಲ್ಲಿ ನೀಲಮ ಅಕ್ಕ ನನ್ನನ್ನು ಬರೀ ಮಲಗಿಸಿದರು. ಗಾದಿಯ ಮೇಲೆ ಅಂಗಾತ ಮಲಗುವುದು, ಎರಡೂ ಭುಜ ಹಲಗೆಗೆ ತಾಗಿದ್ದನ್ನು ಮನಸ್ಸಿಗೆ ತಂದುಕೊಳ್ಳುವುದು. ನಗಬೇಡಿ ಕಾಕಾ, ಮೊದಲ ದಿನ ಅಳು ಬಂತು. ಮನೆಯಲ್ಲೂ ನಾನು ಎಂದೂ ಅಂಗಾತ ಮಲಗಿದವನಲ್ಲ. ಅಪ್ಪ ನೋಡಿದರೆ ಕಾಲಿನಿಂದ ಒತ್ತಿ ಮಗ್ಗುಲಾಗಿಸುತ್ತಿದ್ದರು.

ಆಮೇಲೆ ಕೂತಲ್ಲಿಂದ ಬಿದ್ದೆ, ನಿಂತಲ್ಲಿಂದ ಬಿದ್ದೆ, ಕೊನೆಗೆ ಧರಣೇಂದ್ರನ ಭುಜದಿಂದ ಬಿದ್ದೆ. ನಿಮ್ಮ ಗುಟ್ಟು ಕೆಲಸಕ್ಕೆ ಬಂತು, ಉಸಿರು ಬಿಟ್ಟುಬಿಡುತ್ತೇನೆ. ಮೊನ್ನೆ ಚಿಕ್ಕೋಡಿಯ ಆಟದಲ್ಲಿ ಬಿದ್ದದ್ದು ನೋಡಬೇಕಿತ್ತು. ಗುಡುಗಿನಂಥ ಸದ್ದು! ಜನ ಎದ್ದು ನಿಂತರು. ನಾನು ಕಣ್ಣು ಮುಚ್ಚಿ ಮಲಗಿ ಒಳಗೊಳಗೇ ನಗುತ್ತಿದ್ದೆ. ಬೆರಳೂ ಮುಕ್ಕಾಲು ಪಾಲು ವಾಪಸು ಬಂದಿದೆ.

ಫೆಬ್ರುವರಿ ಕೊನೆಗೆ ರಾಯಬಾಗದಲ್ಲಿ ಆಟ. ಅಪ್ಪನನ್ನು ಕರೆದುಕೊಂಡು ಬನ್ನಿ. ನಾನು ಅಂಗಾತ ಬಿದ್ದು, ಮತ್ತೆ ಎದ್ದು ನಿಲ್ಲುವುದನ್ನು ಅವರು ಒಂದು ಸಲ ನೋಡಬೇಕು. ಬೆನ್ನು ಹಚ್ಚಿದವನೂ ಏಳುತ್ತಾನೆ ಎಂದು ಅವರಿಗೆ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಮೈಯಲ್ಲೇ ಹೇಳಬೇಕು.

ವಿಶ್ವಾಸ

*

ಅಥಣಿ
8 ಫೆಬ್ರುವರಿ 2025

ವಿಶ್ವಾಸ,

ಕಂಕುಳಲ್ಲಿ ಪಾಟಿ ಇಟ್ಟುಕೊಂಡು ಚಿಂಚಲಿಗೆ ಹೋಗಿ ಬಂದೆ. ನಿಮ್ಮಪ್ಪ ತಾಲೀಮಿನ ಮಣ್ಣು ಹದ ಮಾಡುತ್ತಿದ್ದ. "ಮಗ ಕರದಾನ, ರಾಯಬಾಗಕ್ಕ ನಡಿ" ಎಂದು ಬರೆದು ಎತ್ತಿ ಹಿಡಿದೆ.

"ಏನ ನೋಡಾಕ? ಯಾರ ಗೆಲ್ತಾರಂತ ಮೊದಲ ಗೊತ್ತಿರೂ ಕುಸ್ತಿ?"

ಒರೆಸಿ ಬರೆದೆ: "ನಾ ಸಾಯ್ತೀನಂತ ಗೊತ್ತಿದ್ದೂ ನನ್ನ ನಾಟಕದಾಗ ನೀ ಅಳತಿದ್ದಿಲ್ಲೇನು?"

ನಕ್ಕುಬಿಟ್ಟ! ಚಹಾ ತಂದ ನಿಮ್ಮವ್ವ ಚನ್ನವ್ವ ಹೊಸ್ತಿಲಲ್ಲೇ ನಿಂತು, "ಮೈದುನ್ರ, ಇವ್ರು ನಕ್ಕಿದ್ದು ನೋಡಿ ಎಷ್ಟ ದಿನಾ ಆತ್ರಿ. ಮಗನ್ನ ಒಮ್ಮಿ ನೋಡಿ ಬರ್ಲಿ, ಕರಕೊಂಡ ಹೋಗ್ರಿ," ಅಂದಳು.

ಆಮೇಲೆ ಮುಖ್ಯ ಮಾತು ಬರೆದೆ. "ಅವ ಬೆನ್ನ ಮ್ಯಾಲ ಬೀಳತಾನ. ಬೀಳಬೇಕು. ನೀ ಬಾಯಿ ಮುಚ್ಚಿಕೊಂಡ ಕೂಡಬೇಕು." ಎರಡು ಸಲ ಓದಿದ. ಮಣ್ಣು ಮೆತ್ತಿದ ಅಂಗೈಯಿಂದ ಪಾಟಿ ಒರೆಸಿದ. "ಆತಳ. ಬಾಯಿಗೆ ಬೀಗ," ಅಂದ. ಗೆದ್ದೆ ಎಂದುಕೊಂಡೆ.

ಮುಂದೆ ಕೇಳು ವಿಶ್ವಾಸ. ಅವನು ನನ್ನ ಕಡೆ ಮುಖ ಮಾಡಿ, ಈ ವರ್ಷದ ದ್ರಾಕ್ಷಿಯ ಮಾತಾಡುತ್ತಿದ್ದ. ಅವನ ಬೆನ್ನ ಹಿಂದೆ ಇಬ್ಬರು ಪೈಲ್ವಾನರು ಹಿಡಿದಾಡುತ್ತಿದ್ದರು. ಒಬ್ಬ ಇನ್ನೊಬ್ಬನನ್ನು ಎತ್ತಿದ. ಆ ಕ್ಷಣ, ತಿರುಗಿಯೂ ನೋಡದೆ, ನಿಮ್ಮಪ್ಪನ ಬಾಯಿಂದ "ಬೆನ್ನ ಹಚ್ಚಬ್ಯಾಡಲೇ!" ಎಂಬ ಕೂಗು ಹೊರಟು ತಗಡೆಲ್ಲ ಜುಂ ಎಂದಿತು. ಎತ್ತಿಸಿಕೊಂಡವನು ತಿರುಗಿ ಹೊಟ್ಟೆಯ ಮೇಲೆ ಬಿದ್ದ. ನಿಮ್ಮಪ್ಪ ಮಾತು ಮುಂದುವರಿಸಿದ. "ಹಾಂ, ದ್ರಾಕ್ಷಿ ಈ ಸಲ..."

"ಈಗ ಯಾಕ ಒದರಿದಿ?" ಎಂದು ಬರೆದು ತೋರಿಸಿದೆ.

"ಯಾರು? ನಾನ? ಯಾವಾಗ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ವರ್ಷ ರಂಗದ ಮೇಲೆ ನಿಂತವನು ನಾನು, ಸುಳ್ಳು ಮುಖ ಗುರುತಿಸಬಲ್ಲೆ. ಅವನಿಗೆ ಗೊತ್ತೇ ಇಲ್ಲ. ನೀನು ತಿರುಗಿದ್ದು ನಿನಗೆ ಗೊತ್ತಿಲ್ಲದ ಹಾಗೆ.

ರಾಯಬಾಗದ ಆಟದಲ್ಲಿ ಆ ಎತ್ತಿ ಒಗೆಯುವುದನ್ನು ಬಿಟ್ಟುಬಿಡು. ಬಿಡಲಾಗದಿದ್ದರೆ ಹೇಳು, ಜ್ವರ ಬಂತೆಂದು ನಟಿಸಿ ನಾನು ಅವನನ್ನು ಮನೆಯಲ್ಲೇ ಕಟ್ಟಿಹಾಕುತ್ತೇನೆ. ಆ ಪಾತ್ರ ನನಗೆ ಚೆನ್ನಾಗಿ ಬರುತ್ತದೆ.

ಕಾಕಾ

*

ನಿಪ್ಪಾಣಿ
15 ಫೆಬ್ರುವರಿ 2025

ಕಾಕಾ,

ಜ್ವರ ಬೇಡ. ಅಪ್ಪ ಬರಲಿ. ಆ ಎತ್ತಿ ಒಗೆಯುವುದನ್ನು ಬಿಟ್ಟರೆ ಅಪ್ಪನಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ನೀಲಮ ಅಕ್ಕ ಗೋದಾಮಿನಲ್ಲಿ ಎಲ್ಲರಿಂದಲೂ "ಬೆನ್ನ ಹಚ್ಚಬ್ಯಾಡಲೇ" ಎಂದು ಕೂಗಿಸಿ ನನ್ನನ್ನು ಒಗೆಸಿದರು. ಎಷ್ಟು ಕೂಗಿದರೂ ತಿರುಗಲಿಲ್ಲ. ಆದರೆ ಧರಣೇಂದ್ರ ಕೂಗಿದರೆ ಧರಣೇಂದ್ರನಂತೆಯೇ ಕೇಳುತ್ತದೆ. ಅದು ಇರಲಿ.

ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಟ್ಟಿದ್ದೇನೆ. ನೀವು ಅವರ ಪಕ್ಕದಲ್ಲೇ ಇರಿ.

ವಿಶ್ವಾಸ

*

ಅಥಣಿ
6 ಮಾರ್ಚ್ 2025

ತಂಗೀ ನೀಲಮ,

ವಿಶ್ವಾಸನ ಜೋಡಿಗಾರ ಧರಣೇಂದ್ರ ಅನ್ನ ಬಿಟ್ಟು ಕೂತಿದ್ದಾನೆಂದೂ, ತನ್ನ ಕೈಯೇ ಜಾರಿತೆಂದು ಹೇಳುತ್ತಿದ್ದಾನೆಂದೂ ಬರೆದಿದ್ದೀರಿ. ನಾನು ಪಕ್ಕದಲ್ಲೇ ಇದ್ದವನು, ಕಂಡದ್ದನ್ನು ಕೇಳಿದಿರಿ. ವಿಶ್ವಾಸನಿಗೆ ಬರೆಯಲಾರೆ. ಮಿರಜಿನ ಆಸ್ಪತ್ರೆಯಲ್ಲಿ ಅವನಿಗೆ ಕಾಗದ ಓದಿ ಹೇಳುವವನು ಅವನ ಅಪ್ಪ. ಆದ್ದರಿಂದ ನಿಮಗೆ.

ಅಣ್ಣ ಆವತ್ತು ಹೊಸ ಪಟಕಾ ಸುತ್ತಿಕೊಂಡು ಬಂದಿದ್ದ. ಮಗ ರಿಂಗಿಗೆ ಬಂದಾಗ ನನ್ನ ತೊಡೆ ಚಿವುಟಿ, "ಮೈ ಛಲೋ ಇಟ್ಟಾನ," ಅಂದ. ಧರಣೇಂದ್ರ ಹಲ್ಲು ಕಡಿದು ಗುರುಗುಟ್ಟಿದಾಗ ಮಗುವಿನ ಹಾಗೆ ನಕ್ಕ. ಮಾತು ಕೊಟ್ಟಿದ್ದನಲ್ಲ, ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ತಾನೇ ಬಾಯೊಳಗೆ ತುರುಕಿ ಹಲ್ಲಲ್ಲಿ ಕಚ್ಚಿಕೊಂಡ. ಅಷ್ಟು ನಿಷ್ಠೆ, ತಂಗೀ.

ಧರಣೇಂದ್ರ ಎತ್ತಿದ. ನಾಲ್ಕೂ ಕಡೆ ತಿರುಗಿ ತೋರಿಸಿದ. ಒಗೆದ. ನಾನು ಕಣ್ಣು ಮಿಟುಕಿಸಲಿಲ್ಲ. ಹುಡುಗನ ಗದ್ದ ಎದೆಗೆ ಒತ್ತಿತ್ತು. ಎರಡೂ ಕೈ ಚಾಚಿದ್ದವು. ಉಸಿರು ಬಿಟ್ಟಿದ್ದ, ಪಕ್ಕೆ ಇಳಿದದ್ದು ಕಂಡೆ. ಎಲ್ಲ ಸರಿಯಾಗಿತ್ತು. ಧರಣೇಂದ್ರನಿಗೆ ಹೇಳಿ, ಅವನ ಕೈ ದೇವರ ಕೈ ಇದ್ದಂತೆ ಇತ್ತು.

ಟವೆಲ್ಲು ಬಿತ್ತು. ನನ್ನ ಕಿವಿಯ ಪಕ್ಕದಲ್ಲೇ ಆ ಕೂಗು ಎದ್ದಿತು. ನಾನೂ ಬಾಯಿ ತೆರೆದೆ. ಇಡೀ ರಾಯಬಾಗ ಕೇಳುವಂತೆ "ಬೆನ್ನ ಹಚ್ಚು!" ಎಂದು ಒದರಬೇಕಾದವನು ನಾನು. ಕೊರಳಿನ ಬಟ್ಟೆ ಒಂದು ಸಲ ಹಾರಿತು. ಅಷ್ಟೇ ಬಂದದ್ದು.

ಹುಡುಗ ತಿರುಗಿದ.

ಜನ ಚಪ್ಪಾಳೆ ತಟ್ಟಿದರು. ಆಟದ ಭಾಗವೆಂದುಕೊಂಡರು. ಅಣ್ಣ ನನ್ನ ಕಡೆ ತಿರುಗಿದ, ಮುಖದ ತುಂಬ ಹಬ್ಬ. "ನೋಡಿದ್ಯಾ ಜ್ಞಾನು? ಹಚ್ಚಲಿಲ್ಲ ನನ್ನ ಮಗಾ!" ಆಗ ಧರಣೇಂದ್ರ ಮೊಣಕಾಲೂರಿ, ಹುಡುಗನ ಕಿವಿಯಲ್ಲಿ ಏನೋ ಕೇಳಿ, ತಲೆ ಎತ್ತಿ ನಿಮ್ಮನ್ನು ಹುಡುಕಿದ. ಮುಂದಿನದು ನಿಮಗೆ ಗೊತ್ತು.

ಇದು ಧರಣೇಂದ್ರನಿಗೆ ತಿಳಿಯಲಿ, ಉಣ್ಣಲಿ. ಅಲ್ಲಿಂದಾಚೆಗೆ ಹೋಗದಿರಲಿ.

ಜ್ಞಾನದೇವ

*

ಮಿರಜ
23 ಮಾರ್ಚ್ 2025

ಕಾಕಾ,

ನಾನು ಹೇಳುತ್ತಿದ್ದೇನೆ, ಅಪ್ಪ ಬರೆಯುತ್ತಿದ್ದಾರೆ. ಹೇಳಿದ್ದಷ್ಟನ್ನೇ ಬರೆಯುತ್ತೇನೆಂದು ಒಪ್ಪಿದ್ದಾರೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ.

ಬಲಗೈ ಬೆರಳು ಮಡಚುತ್ತೇನೆ. ಎಡಗೈ ಇನ್ನೂ ನಿದ್ದೆಯಲ್ಲಿದೆ. ಕಾಲಿನ ವಿಷಯ ಏನು ಕೇಳಿದರೂ ಡಾಕ್ಟರು "ನೋಡೂಣು" ಎನ್ನುತ್ತಾರೆ. ತಲೆಯ ಎರಡೂ ಬದಿಗೆ ಮರಳಿನ ಚೀಲ. ಅಂಗಾತ ಮಲಗಿರಬೇಕು, ಒಂದಿಷ್ಟೂ ಮಗ್ಗುಲಾಗಬಾರದು ಎಂದಿದ್ದಾರೆ. ಆದರೆ ನಿದ್ದೆ ಹತ್ತಿದೊಡನೆ ಭುಜ ತಾನೇ ಏಳಲು ನೋಡುತ್ತದೆ. ನರ್ಸು ಬೈದರು, ಪಟ್ಟಿ ಬಿಗಿದರು, ಆದರೂ ಏಳುತ್ತದೆ. ಆದ್ದರಿಂದ ನಾನು ಮಲಗಿದಾಗಲೆಲ್ಲ ಅಪ್ಪ ತಲೆಯ ಕಡೆ ಕೂತು, ಎರಡೂ ಅಂಗೈಯಿಂದ ನನ್ನ ಎರಡೂ ಭುಜವನ್ನು ಹಾಸಿಗೆಗೆ ಒತ್ತಿ ಹಿಡಿದಿರುತ್ತಾರೆ. "ಹಚ್ಚು ಮಗನ, ಬೆನ್ನ ಹಚ್ಚು," ಎನ್ನುತ್ತಿರುತ್ತಾರೆ. ಎಷ್ಟು ಮೆಲ್ಲಗೆ ಎಂದರೆ, ಅಪ್ಪನಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಧರಣೇಂದ್ರ ಬಂದಿದ್ದ. ಅವನ ತಪ್ಪಿಲ್ಲ. ಯಾರ ತಪ್ಪೂ ಇಲ್ಲ. ಆವತ್ತು ನನಗೆ ಏನೂ ಕೇಳಿಸಲಿಲ್ಲ ಕಾಕಾ, ಬರೀ ಜನರ ಗದ್ದಲ. ಹಲಗೆ ಸಡಿಲಾಗಿತ್ತು ಅಂತ ಕಾಣುತ್ತದೆ.

ನಿಮ್ಮ ವಿಶ್ವಾಸ

ತಮ್ಮಾ ಜ್ಞಾನು,

ಇದು ನಾ ಬರಿಯೂದು. ಅವ ಮಲಗ್ಯಾನ. ಬಲಗೈಲೆ ಬರ್ಯಾಕತ್ತೀನಿ, ಎಡಗೈ ಅವನ ಭುಜದ ಮ್ಯಾಲ ಐತಿ.

ಏನೂ ಕೇಳಿಸಿಲ್ಲಂತ ಇವ ಹೇಳ್ತಾನ. ನಾ ಕೇಳೇ ಇಲ್ಲ, ತಾನ ಹೇಳ್ತಾನ. ದಿನಾ ಹೇಳ್ತಾನ. ಟವೆಲ್ಲು ನನ್ನ ಬಾಯಾಗ ಇತ್ತು. ಆಮ್ಯಾಲ ನೋಡಿದ್ರ ಕಾಲಾಗ ಬಿದ್ದಿತ್ತು. ಅದರ ನಡುವಿಂದು ನನಗ ನೆನಪಿಲ್ಲ. ನೀ ನನ್ನ ಮಗ್ಗಲದಾಗ ಇದ್ದಿ. ನಿನ್ನ ಧ್ವನಿ ಹೋಗೇತಿ, ಕಿವಿ ಹೋಗಿಲ್ಲ.

ಆವತ್ತ ನಾ ಒದರಿದ್ನೇನು?

ಒದರಿಲ್ಲಂದ್ರ ಒಂದು ಕಾರ್ಡ್ ಹಾಕು. ಒದರಿದ್ದು ಖರೆ ಇದ್ರ ಏನೂ ಬರೀಬ್ಯಾಡ. ಪೋಸ್ಟಿನಾಂವ ಹತ್ತು ಗಂಟೆಕ್ಕ ಬರ್ತಾನ. ನಾ ಕಿಡಕ್ಯಾಗ ನಿಂತಿರ್ತೀನಿ.

ನಿನ್ನ ಅಣ್ಣ,
ಭಾವುಸಾಹೇಬ